ದೂರದ ಕಾಡು ಖಾಲಿ ಆಯ್ತು, ಹತ್ತಿರದ ಕಾಡು ತುಂಬ್ಕೊಳ್ತು

(ಇದು ಒಂದು ಉಪನ್ಯಾಸದ ಬರಹ ರೂಪ. ಮಾತಾಡಿದ್ದನ್ನ ಆದಷ್ಟು ಹಾಗೇ ಇಟ್ಟಿದೀನಿ, ಕೊನೆಲಿ ಸಭಿಕರು ಕೇಳಿದ ಎರಡು ಪ್ರಶ್ನೆನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕಾಲುದಾರಿನ ಕಣ್ಮುಂದೆ ತಂದ್ಕೊಳ್ಳಿ. ಕಾಡೊಳಗಿನ ದಾರಿ, ಒಬ್ಬರ ಹಿಂದೆ ಒಬ್ಬರು ನಡೆಯೋಷ್ಟೇ ಅಗಲ, ಎರಡೂ ಪಕ್ಕ ತರಗೆಲೆ, ಪಾಚಿ, ಈಗಷ್ಟೇ ಬೆರಳುದ್ದ ಎದ್ದಿರೋ ಮರದ ಸಸಿಗಳು. ಮಾಮೂಲಿ ದಿನದಲ್ಲಿ ಎದುರಿಗೆ ಯಾರಾದ್ರೂ ಬಂದ್ರೆ ಸ್ವಲ್ಪ ಭುಜ ಓರೆ ಮಾಡ್ತೀವಿ, ಒಂದು ಸಣ್ಣ ನಗು, ದಾಟಿ ಹೋಗ್ತೀವಿ. 2020ರಲ್ಲಿ ಹಾಗಾಗ್ಲಿಲ್ಲ. ದೂರದಲ್ಲಿ ಒಬ್ಬರು ಕಂಡ ತಕ್ಷಣ ಈ ಕಡೆಯವರು ಈ ಪಕ್ಕಕ್ಕೆ ಇಳಿದ್ರು, ಆ ಕಡೆಯವರು ಆ ಪಕ್ಕಕ್ಕೆ ಇಳಿದ್ರು, ಮಧ್ಯ ಆರಡಿ ಬಿಟ್ಟು ಮುಖ ಬೇರೆ ಕಡೆ ತಿರುಗಿಸ್ಕೊಂಡು ದಾಟಿದ್ರು. ಒಬ್ಬರು ಇಳಿದ್ರೆ ಏನೂ ಆಗಲ್ಲ. ಆದ್ರೆ ದಿನಕ್ಕೆ ನೂರಾರು ಜನ ಹೀಗೆ ಇಳಿತಾ ಹೋದ್ರೆ ಪಕ್ಕದ ಸಸಿ ಮೊದಲು ಬಾಗುತ್ತೆ, ಆಮೇಲೆ ಮುರಿಯುತ್ತೆ, ತರಗೆಲೆ ಪುಡಿ ಆಗಿ ಗಾಳಿಗೆ ಹೋಗುತ್ತೆ, ಕೆಳಗಿನ ಮಣ್ಣು ಗಟ್ಟಿ ಆಗಿ ಹೊಳೆಯೋಕೆ ಶುರುವಾಗುತ್ತೆ. ಆ ವರ್ಷ ನಾನು ದಿನಾ ಒಂದೇ ದಾರೀಲಿ ನಡೀತಿದ್ದೆ, ಒಂದು ದೊಡ್ಡ ಮರದ ಬೇರು ಮೊದಲು ಮಣ್ಣೊಳಗೆ ಇದ್ದದ್ದು ಕೆಲವೇ ತಿಂಗಳಲ್ಲಿ ಮೊಣಕೈ ಥರ ಮೇಲೆ ಬಂದಿದ್ದನ್ನ ಕಣ್ಣಾರೆ ನೋಡಿದೀನಿ, ಆ ಬೇರಿನ ಸಿಪ್ಪೆ ಶೂ ತಾಗಿ ತಾಗಿ ಉಜ್ಜಿಹೋಗಿ ಒಳಗಿನ ಬಿಳಿ ಕಾಣ್ತಿತ್ತು.

ಇವತ್ತು ನಾನು ಮಾತಾಡ್ಬೇಕು ಅಂದ್ಕೊಂಡಿರೋದು ಆ ಬೇರಿನ ಬಗ್ಗೆನೇ. ಒಂದು ಸಾಂಕ್ರಾಮಿಕ ರೋಗ ಬಂದಾಗ ಜನ ಕಾಡಿಗೆ ಹೋಗೋ ರೀತಿ ಹೇಗೆ ಬದಲಾಗುತ್ತೆ ಅನ್ನೋ ಪ್ರಶ್ನೆಗೆ "ಜಾಸ್ತಿ ಆಗುತ್ತೆ" ಅಂತಲೂ ಉತ್ತರ ಸಿಗುತ್ತೆ, "ಕಡಿಮೆ ಆಗುತ್ತೆ" ಅಂತಲೂ ಸಿಗುತ್ತೆ, ಎರಡೂ ನಿಜ. ನನ್ನ ಪ್ರಕಾರ ಪೂರ್ತಿ ಉತ್ತರ ಏನಂದ್ರೆ, ಮನೆಯಿಂದ ನಡ್ಕೊಂಡು ಹೋಗಬಹುದಾದ ಕಾಡು ತುಂಬಿ ತುಳುಕುತ್ತೆ, ವಿಮಾನದಲ್ಲೋ ದಿನವಿಡೀ ಪ್ರಯಾಣ ಮಾಡಿಯೋ ಹೋಗಬೇಕಾದ ಕಾಡು ಖಾಲಿ ಬೀಳುತ್ತೆ. ಕಾಡು ಎಷ್ಟು ಸುಂದರವಾಗಿದೆ, ಎಷ್ಟು ಹೆಸರುವಾಸಿ ಅನ್ನೋದು ಆ ದಿನಗಳಲ್ಲಿ ಲೆಕ್ಕಕ್ಕೇ ಬರಲಿಲ್ಲ, ಮನೆ ಬಾಗಿಲಿಂದ ಎಷ್ಟು ದೂರ ಅನ್ನೋದೊಂದೇ ಲೆಕ್ಕಕ್ಕೆ ಬಂತು.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಸಾಂಕ್ರಾಮಿಕ ಅಂತ ಕರೆದದ್ದು 2020ರ ಮಾರ್ಚ್ 11ಕ್ಕೆ. ಆಮೇಲಿನ ಎರಡು ಮೂರು ವಾರದಲ್ಲಿ ಒಂದೊಂದು ದೇಶ ಒಂದೊಂದು ದಾರಿ ಹಿಡೀತು. ಫ್ರಾನ್ಸ್‌ನಲ್ಲಿ ಮನೆಯಿಂದ 1 ಕಿಲೋಮೀಟರ್ ಒಳಗೆ, ದಿನಕ್ಕೆ 1 ಗಂಟೆ ಮಾತ್ರ ನಡೀಬಹುದು ಅಂತ ಆಯ್ತು, ಕಾಡುಗಳಿಗೆ ಜನರ ಪ್ರವೇಶನೇ ಮುಚ್ಚಿಬಿಟ್ರು, ಮೇ 11ರ ನಂತರ ಆ ಮಿತಿ ಒಂದೇ ಸಲಕ್ಕೆ 100 ಕಿಲೋಮೀಟರ್‌ಗೆ ಹೋಯ್ತು. ಸ್ಪೇನ್‌ನಲ್ಲಿ ಮಕ್ಕಳು ಏಪ್ರಿಲ್ 26ರವರೆಗೆ ಹತ್ತಿರ ಹತ್ತಿರ ಆರು ವಾರ ಮನೆ ಹೊಸಿಲು ದಾಟ್ಲಿಲ್ಲ. ನಾರ್ವೆಯಲ್ಲಿ, ಜರ್ಮನಿಯ ಬಹುಪಾಲು ಕಡೆ, ಹೋಟೆಲ್ಲು ಜಿಮ್ಮು ಶಾಲೆ ಎಲ್ಲ ಮುಚ್ಚಿದ್ರೂ ನಡೆಯೋಕೆ ಹೊರಗೆ ಹೋಗೋದಕ್ಕೆ ತಡೆ ಇರ್ಲಿಲ್ಲ. ಈ ವ್ಯತ್ಯಾಸ ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ "ಜನ ಕಾಡಿಗೆ ಮುಗಿಬಿದ್ರು" ಅನ್ನೋ ಕಥೆ ಬಾಗಿಲು ತೆರೆದಿದ್ದ ಕಡೆಯ ಕಥೆ.

ಈಗ ಬಾನ್ ಪಕ್ಕದ ಕಾಡಿಗೆ ಬರೋಣ. ಜರ್ಮನಿಯ ಬಾನ್ ನಗರಕ್ಕೆ ಅಂಟ್ಕೊಂಡೇ ಕಾಟೆನ್‌ಫೋರ್ಸ್ಟ್ ಅನ್ನೋ ಕಾಡಿದೆ. ಯುರೋಪಿಯನ್ ಫಾರೆಸ್ಟ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ರೋಗ ಬರೋಕೆ ಮುಂಚೆನೇ ಅಲ್ಲಿ ಬರೋ ಜನರನ್ನ ಎಣಿಸ್ತಿದ್ರು, ಬೇರೆ ಉದ್ದೇಶಕ್ಕೆ. ಹಾಗಾಗಿ ಲಾಕ್‌ಡೌನ್ ಬಂದಾಗ ಅವರ ಕೈಯಲ್ಲಿ "ಮೊದಲು ಎಷ್ಟಿತ್ತು" ಅನ್ನೋ ಅಂಕಿ ಇತ್ತು. ಇದು ಬಹಳ ದೊಡ್ಡ ಅದೃಷ್ಟ, ಯಾಕಂದ್ರೆ ಬಹುಪಾಲು ಕಾಡುಗಳಲ್ಲಿ ಜನ ಹೆಚ್ಚಾದ್ಮೇಲೇ "ಓ ಎಣಿಸ್ಬೇಕಿತ್ತು" ಅಂತ ಹೊಳೆಯೋದು. ಅಲ್ಲಿ ಬರೋರ ಸಂಖ್ಯೆ ದುಪ್ಪಟ್ಟಿಗಿಂತ ಹೆಚ್ಚಾಯ್ತು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಬಂದವರು ಯಾರು, ಯಾವ ಹೊತ್ತಲ್ಲಿ ಬಂದ್ರು ಅನ್ನೋದು. ಮೊದಲು ವಾರಾಂತ್ಯದಲ್ಲಿ ತುಂಬ್ತಿದ್ದ ಕಾಡು ವಾರದ ಮಧ್ಯದ ದಿನಗಳಲ್ಲೂ ತುಂಬೋಕೆ ಶುರುವಾಯ್ತು, ಯಾವಾಗ್ಲೂ ಬರ್ತಿದ್ದವರ ಜೊತೆ ಯುವಕರು, ಸಣ್ಣ ಮಕ್ಕಳನ್ನ ಕಟ್ಕೊಂಡು ಬಂದ ಕುಟುಂಬಗಳು, ಆ ದಾರಿಗೆ ಹೊಸಬರು ಕಾಣಿಸ್ಕೊಂಡ್ರು. ಆ ಸಂಶೋಧಕರು ತಮ್ಮ ಪ್ರಬಂಧದ ತಲೆಬರಹದಲ್ಲೇ ಕಾಡನ್ನ ಅತ್ಯಗತ್ಯ ಮೂಲಸೌಕರ್ಯ ಅಂತ ಕರೆದ್ರು. ನೀರಿನ ಪೈಪು, ಕರೆಂಟ್ ಲೈನು, ಆಸ್ಪತ್ರೆ, ಅದೇ ಸಾಲಿಗೆ ಕಾಡು. ಮೊದಲ ಸಲ ಓದಿದಾಗ ಸ್ವಲ್ಪ ಹೆಚ್ಚಾಯ್ತೇನೋ ಅನಿಸಿತ್ತು, ಈಗ ನನಗೆ ಹಾಗೆ ಅನಿಸಲ್ಲ.

ಎಣಿಸೋದು ಹೇಗೆ ಅಂತ ಒಂಚೂರು ಹೇಳ್ಬೇಕು, ಇಲ್ಲಾಂದ್ರೆ ಈ ಅಂಕಿಗಳನ್ನ ಕಣ್ಣುಮುಚ್ಚಿ ನಂಬ್ಬಿಡ್ತೀವಿ. ಸಾಮಾನ್ಯವಾಗಿ ದಾರಿ ಪಕ್ಕದ ಮರಕ್ಕೋ ಕಂಬಕ್ಕೋ ಒಂದು ಸಣ್ಣ ಡಬ್ಬಿ ಕಟ್ಟಿರ್ತಾರೆ, ಸೊಂಟದೆತ್ತರಕ್ಕೆ. ಅದರೊಳಗೆ ಶಾಖ ಗುರುತಿಸೋ ಸೆನ್ಸರ್. ದೇಹದ ಬಿಸಿ ಅದರ ಮುಂದೆ ಹಾದುಹೋದ್ರೆ ಒಂದು ಎಣಿಕೆ. ಇಬ್ಬರು ಅಕ್ಕಪಕ್ಕ ಮಾತಾಡ್ಕೊಂಡು ಹೋದ್ರೆ ಅದಕ್ಕೆ ಒಬ್ಬರೇ, ಜಿಂಕೆ ಹೋದ್ರೂ ಒಂದು, ಬಿಸಿಲಿಗೆ ಕಾದ ಕೊಂಬೆ ಗಾಳಿಗೆ ಅಲ್ಲಾಡಿದ್ರೂ ಕೆಲವೊಮ್ಮೆ ಒಂದು. ಹಾಗಾಗಿ ಆಗಾಗ ಒಬ್ಬ ಮನುಷ್ಯ ಪುಸ್ತಕ ಪೆನ್ನು ಹಿಡ್ಕೊಂಡು ಅಲ್ಲೇ ಕೂತು ಕಣ್ಣಲ್ಲಿ ಎಣಿಸಿ, ಡಬ್ಬಿಯ ಲೆಕ್ಕ ಎಷ್ಟು ತಪ್ಪಿದೆ ಅಂತ ನೋಡಿ ಸರಿ ಮಾಡ್ಬೇಕು. ಈಗ ಯೋಚ್ನೆ ಮಾಡಿ, ಲಾಕ್‌ಡೌನ್‌ನಲ್ಲಿ ಜನ ಗುಂಪಾಗಿ ಬರೋದು ಬಿಟ್ಟು ಒಬ್ಬೊಬ್ಬರೇ ಬಂದ್ರೆ, ಡಬ್ಬಿಯ ತಪ್ಪಿನ ಪ್ರಮಾಣನೇ ಬದಲಾಗುತ್ತೆ.

ಫೋನ್ ಲೆಕ್ಕಕ್ಕೂ ಇದೇ ತೊಂದ್ರೆ. ಗೂಗಲ್ ಆಗ ಹೊರಗೆ ಬಿಡ್ತಿದ್ದ ಓಡಾಟದ ವರದಿಗಳನ್ನ ನೋಡಿ ಎಷ್ಟೋ ಜನ "ಪಾರ್ಕುಗಳಿಗೆ ಹೋಗೋದು ಇಷ್ಟು ಶೇಕಡಾ ಏರಿದೆ" ಅಂತ ಬರೆದ್ರು. ಅದರಲ್ಲಿ ಪಾರ್ಕ್ ಅನ್ನೋ ವಿಭಾಗದೊಳಗೆ ರಾಷ್ಟ್ರೀಯ ಉದ್ಯಾನನೂ ಇತ್ತು, ಬೀಚೂ ಇತ್ತು, ಊರೊಳಗಿನ ಚೌಕನೂ ಇತ್ತು, ಅಂದ್ರೆ ಕಾಡು ಅಂತ ಬೇರೆ ಮಾಡಿ ಹೇಳೋಕೆ ಆಗ್ತಿರ್ಲಿಲ್ಲ. ಇನ್ನೊಂದು, ಹೋಲಿಕೆಗೆ ಅವರು ತಗೊಂಡಿದ್ದು 2020ರ ಜನವರಿ 3ರಿಂದ ಫೆಬ್ರವರಿ 6ರವರೆಗಿನ ಐದು ವಾರ. ಉತ್ತರ ದೇಶಗಳಲ್ಲಿ ಅದು ಕೊರೆಯೋ ಚಳಿಗಾಲ, ಯಾರೂ ಹೊರಗೆ ಬರಲ್ಲ. ಮೇ ತಿಂಗಳ ಬಿಸಿಲನ್ನ ಜನವರಿ ಹಿಮಕ್ಕೆ ಹೋಲಿಸಿದ್ರೆ ಯಾವ ವರ್ಷ ಆದ್ರೂ ಏರಿಕೆನೇ ಕಾಣುತ್ತೆ. ನಾರ್ವೆಯ ಓಸ್ಲೋದಲ್ಲಿ ಅಧ್ಯಯನ ಮಾಡಿದವರು ಈ ವಿಷಯದಲ್ಲಿ ಜಾಗ್ರತೆ ವಹಿಸಿದ್ರು, ನಡೆಯೋರು ಓಡೋರು ಫೋನಲ್ಲಿ ದಾಖಲಿಸೋ ಸ್ಟ್ರಾವಾ ಮಾಹಿತಿ ತಗೊಂಡು ಹಿಂದಿನ ಮೂರು ವರ್ಷಗಳ ಅದೇ ದಿನಗಳ ಸರಾಸರಿ ಜೊತೆ ಇಟ್ಟು ನೋಡಿದ್ರು. ಆಗಲೂ ಹೊರಾಂಗಣ ಚಟುವಟಿಕೆ ಶೇ. 291ರಷ್ಟು ಹೆಚ್ಚಾಗಿತ್ತು. ಜನ ಹೆಚ್ಚು ಹಸಿರಿದ್ದ, ಹೆಚ್ಚು ಒಳಗಿದ್ದ ದಾರಿಗಳನ್ನೇ ಹುಡುಕ್ಕೊಂಡು ಹೋದ್ರು. ಆ ಆಪ್ ಬಳಸೋರು ಎಲ್ಲ ಥರದ ಜನ ಅಲ್ಲ ಅನ್ನೋದು ನಿಜ, ಆದ್ರೂ ಅಂಕಿ ದಂಗುಬಡಿಸುತ್ತೆ.

ನಾನು ಹೇಳಿದ ದೂರ ಹತ್ತಿರದ ವ್ಯತ್ಯಾಸ ಎಲ್ಲಕ್ಕಿಂತ ಚೆನ್ನಾಗಿ ಕಾಣೋದು ಅಮೆರಿಕದ ಎರಡು ಉದ್ಯಾನಗಳನ್ನ ಅಕ್ಕಪಕ್ಕ ಇಟ್ರೆ. ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆಯ ಎಲ್ಲ ಜಾಗಗಳನ್ನೂ ಸೇರಿಸಿದ್ರೆ 2019ರಲ್ಲಿ ಸುಮಾರು 32 ಕೋಟಿ 75 ಲಕ್ಷ ಭೇಟಿ, 2020ರಲ್ಲಿ 23 ಕೋಟಿ 70 ಲಕ್ಷ, ಅಂದ್ರೆ ಶೇ. 28 ಕುಸಿತ. ಯೊಸೆಮಿಟಿ ಜಗತ್ಪ್ರಸಿದ್ಧ, ದೂರದೂರದ ದೇಶಗಳಿಂದ ಜನ ಬರೋ ಜಾಗ, ಅಲ್ಲಿ 44 ಲಕ್ಷ ಇದ್ದದ್ದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದು 23 ಲಕ್ಷಕ್ಕೂ ಸ್ವಲ್ಪ ಕಡಿಮೆ ಆಯ್ತು. ಗ್ರೇಟ್ ಸ್ಮೋಕಿ ಮೌಂಟನ್ಸ್ ಅನ್ನೋದು ಪೂರ್ವದ ಕಡೆಯ ದಟ್ಟ ಕಾಡಿನ ಬೆಟ್ಟಸಾಲು, ಸುತ್ತಮುತ್ತ ಎಷ್ಟೋ ಊರುಗಳ ಜನ ತಮ್ಮ ಕಾರಲ್ಲೇ ಹೋಗಿ ಬರಬಹುದು, ಅದು ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗೆ ಮುಚ್ಚೇ ಇತ್ತು, ಆದ್ರೂ ಇಡೀ ವರ್ಷದ ಲೆಕ್ಕ 1 ಕೋಟಿ 25 ಲಕ್ಷದಿಂದ 1 ಕೋಟಿ 21 ಲಕ್ಷಕ್ಕೆ ಇಳಿದದ್ದಷ್ಟೇ. ಯೊಸೆಮಿಟಿಯಲ್ಲಿ ಇನ್ನೂ ಹೆಚ್ಚು ದಿನ ಬಾಗಿಲು ಮುಚ್ಚಿತ್ತು, ತೆರೆದ್ಮೇಲೆ ಮುಂಗಡ ಬುಕಿಂಗ್ ಮಾಡಿಸ್ಕೊಂಡವರನ್ನ ಮಾತ್ರ ಬಿಟ್ರು, ಹಾಗಾಗಿ ಇದು ಪೂರ್ತಿ ಸಮಾನ ಹೋಲಿಕೆ ಅಲ್ಲ. ಆದ್ರೂ ವಿದೇಶದಿಂದ ಬರೋರು ನಿಂತ್ರೆ ಯಾವ ಕಾಡು ಖಾಲಿ ಆಗುತ್ತೆ, ಯಾವುದು ಆಗಲ್ಲ ಅನ್ನೋದು ಇಲ್ಲಿ ಕಾಣುತ್ತೆ.

ಖಾಲಿ ಆಗೋದು ಕಾಡಿಗೆ ಒಳ್ಳೇದಲ್ವಾ ಅಂತ ಆಗ ಎಷ್ಟೋ ಜನ ಖುಷಿಪಟ್ರು. ಪ್ರಕೃತಿ ಉಸಿರಾಡ್ತಿದೆ ಅಂತ ಫೋಟೋ ಹಾಕಿದ್ರು. ಬ್ವಿಂಡಿ ಕಾಡಿನ ವಿಷಯ ಹೇಳ್ತೀನಿ. ಉಗಾಂಡಾದ ಈ ಕಾಡಲ್ಲಿ ಬೆಟ್ಟದ ಗೊರಿಲ್ಲಾಗಳಿವೆ, ಅವುಗಳಿಗೆ ಮನುಷ್ಯರ ಉಸಿರಾಟದ ಕಾಯಿಲೆಗಳು ತಗಲುತ್ತವೆ, ಹಾಗಾಗಿ 2020ರ ಮಾರ್ಚ್‌ನಲ್ಲಿ ಪ್ರವಾಸಿಗರನ್ನ ನಿಲ್ಲಿಸಿದ್ದು ಸರಿಯಾದ ನಿರ್ಧಾರನೇ. ಆದ್ರೆ ಗೊರಿಲ್ಲಾ ನೋಡೋಕೆ ಬರೋರು ಕೊಡೋ ಹಣದಿಂದಲೇ ಅಲ್ಲಿ ಕಾವಲು ನಡೆಯೋದು, ಸುತ್ತಲಿನ ಹಳ್ಳಿಗಳಿಗೆ ಪಾಲು ಹೋಗೋದು, ಮಾರ್ಗದರ್ಶಿಗಳ ಮನೆ ನಡೆಯೋದು. ಅದೆಲ್ಲ ಒಂದೇ ವಾರದಲ್ಲಿ ನಿಂತುಹೋಯ್ತು. ಜೂನ್‌ನಲ್ಲಿ ರಫಿಕಿ ಅಂತ ಹೆಸರಿಟ್ಟಿದ್ದ, ಬೆನ್ನು ಬೆಳ್ಳಗಾದ ಹಿರಿಯ ಗೊರಿಲ್ಲಾನ ಬೇಟೆಗೆ ಹೋದವರು ಈಟಿಯಿಂದ ಕೊಂದ್ರು, ಒಬ್ಬನಿಗೆ 11 ವರ್ಷ ಜೈಲಾಯ್ತು. ಒಂದು ಸಾವನ್ನ ನೇರವಾಗಿ ಲಾಕ್‌ಡೌನ್ ಲೆಕ್ಕಕ್ಕೆ ಬರೆಯೋದು ತಪ್ಪಾಗುತ್ತೆ. ಆದ್ರೆ ನೋಡೋಕೆ ಬರೋರ ಕಣ್ಣೂ ಒಂದು ಕಾವಲೇ, ಅದು ಇಲ್ಲದ ದಿನಗಳಲ್ಲಿ, ಹೊಟ್ಟೆಗಿಲ್ಲದ ಊರುಗಳ ಮಧ್ಯೆ ಆ ಕಾಡು ನಿಂತಿತ್ತು, ಅಷ್ಟನ್ನ ಹೇಳ್ಲೇಬೇಕು.

ಪ್ರಾಣಿಗಳ ವಿಷಯದಲ್ಲೂ "ಜನ ಇಲ್ದಿದ್ರೆ ಪ್ರಾಣಿ ಬರುತ್ತೆ" ಅನ್ನೋ ಸರಳ ಲೆಕ್ಕ ನಡೀಲಿಲ್ಲ. 21 ದೇಶಗಳಲ್ಲಿ ಮರಗಳಿಗೆ ಕಟ್ಟಿದ ಕ್ಯಾಮರಾಗಳ ಚಿತ್ರಗಳನ್ನ ಒಟ್ಟು ಹಾಕಿ 163 ಜಾತಿಯ ಸಸ್ತನಿಗಳನ್ನ ನೋಡಿದ ದೊಡ್ಡ ಅಧ್ಯಯನ 2024ರಲ್ಲಿ ಬಂತು. ಜನವಸತಿಗೆ ಹೊಂದ್ಕೊಂಡಿರೋ ಜಾಗಗಳಲ್ಲಿ ಜನ ಹೆಚ್ಚಾದಾಗ ಪ್ರಾಣಿಗಳ ಓಡಾಟ ಕಡಿಮೆ ಆಗ್ಲಿಲ್ಲ, ಬದಲಿಗೆ ಅವು ಹಗಲು ಬಿಟ್ಟು ರಾತ್ರಿಗೆ ಸರ್ಕೊಂಡ್ವು. ಜನವಸತಿಯಿಂದ ದೂರದ ಕಾಡಲ್ಲಿ ಮಾತ್ರ ಜನ ಹೆಚ್ಚಾದ್ರೆ ಪ್ರಾಣಿ ಓಡಾಟ ಇಳೀತು, ಅದರಲ್ಲೂ ಬೇಟೆಯಾಡೋ ದೊಡ್ಡ ಪ್ರಾಣಿಗಳು ಹಿಂದೆ ಸರಿದ್ವು. ಇದು ಯಾಕೆ ಮುಖ್ಯ ಅಂದ್ರೆ ಸಾಂಕ್ರಾಮಿಕದ ದಿನಗಳಲ್ಲಿ ನಾವು ಹೊತ್ತನ್ನೂ ಬದಲಾಯಿಸಿದ್ವಿ. ಬೇರೆಯವರು ಸಿಗಬಾರದು ಅಂತ ಬೆಳಗಿನ ಜಾವ ಹೋದೋರು ಎಷ್ಟು ಜನ, ಕತ್ತಲಾಗ್ತಾ ಟಾರ್ಚ್ ಹಿಡ್ಕೊಂಡು ಹೋದೋರು ಎಷ್ಟು ಜನ. ನಾನೂ ಹೋಗಿದೀನಿ. ಜನರನ್ನ ತಪ್ಪಿಸ್ಕೊಳ್ಳೋಕೆ ಅಂತ ನಾವು ಆರಿಸ್ಕೊಂಡ ಹೊತ್ತೂ, ನಮ್ಮನ್ನ ತಪ್ಪಿಸ್ಕೊಳ್ಳೋಕೆ ಪ್ರಾಣಿಗಳು ಆರಿಸ್ಕೊಂಡಿದ್ದ ಹೊತ್ತೂ ಒಂದೇ ಆಗ್ಬಿಟ್ಟಿತ್ತು. ಆ ಮಾತು ನನ್ನನ್ನ ಈಗಲೂ ಚುಚ್ಚುತ್ತೆ.

ಜನ ಯಾಕೆ ಹೋದ್ರು ಅನ್ನೋದಕ್ಕೆ ಹೆಚ್ಚು ಹೇಳೋದು ಬೇಡ, ನೀವೆಲ್ಲ ಆ ದಿನಗಳನ್ನ ಬದುಕಿದೀರಿ. ಬೇರೆಲ್ಲ ಬಾಗಿಲು ಮುಚ್ಚಿತ್ತು, ಕೈಯಲ್ಲಿ ಹೊತ್ತಿತ್ತು, ಬಯಲಲ್ಲಿ ಗಾಳಿ ವೈರಸ್‌ನ ಚದುರಿಸಿಬಿಡುತ್ತೆ ಅಂತ ಬೇಗ ಗೊತ್ತಾಯ್ತು, ಮನಸ್ಸಿಗೆ ಉಸಿರು ಬೇಕಿತ್ತು. ರೋಗ ಬಂದಾಗ ಮರಗಳ ಕಡೆ ನಡೆಯೋದು ಹೊಸದಲ್ಲ, ಕ್ಷಯಕ್ಕೆ ಔಷಧಿನೇ ಇಲ್ಲದ ಕಾಲದಲ್ಲಿ, 1880ರ ದಶಕದಲ್ಲಿ, ಎಡ್ವರ್ಡ್ ಟ್ರೂಡೋ ಅನ್ನೋ ವೈದ್ಯ ತಾನೂ ಕ್ಷಯ ರೋಗಿಯಾಗಿ ಅಮೆರಿಕದ ಅಡಿರಾಂಡ್ಯಾಕ್ ಕಾಡಿನ ಸಾರನಾಕ್ ಲೇಕ್‌ನಲ್ಲಿ ಆಶ್ರಮದಂಥ ಆಸ್ಪತ್ರೆ ಕಟ್ಟಿ ರೋಗಿಗಳನ್ನ ಚಳಿಯಲ್ಲೂ ಜಗಲಿ ಮೇಲೆ ಮಲಗಿಸ್ತಿದ್ದ. ಕಾಡಿನ ಗಾಳಿ ಕ್ಷಯದ ಕ್ರಿಮಿಯನ್ನ ಕೊಲ್ಲಲ್ಲ, ಅದಕ್ಕೆ ಆಮೇಲೆ ಸ್ಟ್ರೆಪ್ಟೋಮೈಸಿನ್ ಅನ್ನೋ ಔಷಧಿ ಬರ್ಬೇಕಾಯ್ತು. ಆದ್ರೆ ಮರ ಕಾಣೋದಕ್ಕೂ ಚೇತರಿಸ್ಕೊಳ್ಳೋದಕ್ಕೂ ಏನೋ ಒಂದು ನಂಟಿದೆ ಅನ್ನೋದಕ್ಕೆ 1984ರ ರೋಜರ್ ಉಲ್ರಿಚ್ ಅಧ್ಯಯನ ಇದೆ. ಪಿತ್ತಕೋಶದ ಆಪರೇಷನ್ ಆದ ರೋಗಿಗಳ 23 ಜೋಡಿ, ಜೋಡಿಯಲ್ಲಿ ಒಬ್ಬರಿಗೆ ಕಿಟಕಿಯಿಂದ ಮರಗಳು ಕಾಣ್ತಿದ್ವು, ಇನ್ನೊಬ್ಬರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದ್ರು, ನೋವಿಗೆ ಕೊಡೋ ಬಲವಾದ ಔಷಧಿ ಕಡಿಮೆ ತಗೊಂಡ್ರು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮೇಲೆ ನಡೆದ ಅಧ್ಯಯನದಲ್ಲಿ ವಾರಕ್ಕೆ ಕನಿಷ್ಠ 120 ನಿಮಿಷ ಪ್ರಕೃತಿ ಮಧ್ಯೆ ಕಳೆಯೋರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳೋ ಸಾಧ್ಯತೆ ಹೆಚ್ಚು ಅಂತ ಕಂಡುಬಂತು, ಒಂದೇ ಸಲ ಹೋದ್ರೂ ಸರಿ, ಸ್ವಲ್ಪ ಸ್ವಲ್ಪ ಹೋದ್ರೂ ಸರಿ. ಆರೋಗ್ಯವಾಗಿರೋರೇ ಹೆಚ್ಚು ಹೊರಗೆ ಹೋಗ್ತಾರೆ ಅನ್ನೋ ಅನುಮಾನ ಇದ್ದೇ ಇರುತ್ತೆ. ಆದ್ರೂ 120 ನಿಮಿಷ ಅಂದ್ರೆ ದಿನಕ್ಕೆ ಹದಿನೇಳು ಹದಿನೆಂಟು ನಿಮಿಷ. ಕಾಡು ಮನೆ ಪಕ್ಕದಲ್ಲಿದ್ರೆ ದಿನಾ ಸಿಗುತ್ತೆ, ಎರಡು ಗಂಟೆ ದೂರದಲ್ಲಿದ್ರೆ ವಾರಕ್ಕೊಮ್ಮೆನೂ ಸಿಗಲ್ಲ.

ಇಲ್ಲೇ ನನಗೆ ಹೊಟ್ಟೆ ಉರಿಯೋದು. ಸಾಂಕ್ರಾಮಿಕದಲ್ಲಿ ಕಾಡಿಗೆ ಹೊಸಬರು ಬಂದ್ರು ಅಂತ ಹೇಳಿದೆ, ಬರದೇ ಇದ್ದವರು ಯಾರು ಅಂತಲೂ ಕೇಳ್ಬೇಕಲ್ವಾ. ಮನೆಯಿಂದ ಕೆಲಸ ಮಾಡೋಕೆ ಆಗದವರು, ಬಸ್ಸಲ್ಲೇ ಓಡಾಡೋರು ಆದ್ರೆ ಬಸ್ಸು ನಿಂತುಹೋಗಿತ್ತು, ಮನೆಯಿಂದ ಒಂದು ಕಿಲೋಮೀಟರ್ ಸುತ್ತಿದ್ರೂ ಗೋಡೆನೇ ಸಿಗೋ ಕಡೆ ಇದ್ದವರು, ಹಾಸಿಗೆ ಹಿಡಿದ ಮನೆಯವರನ್ನ ಬಿಟ್ಟು ಹತ್ತು ನಿಮಿಷ ಹೊರಗೆ ಬರೋಕಾಗದವರು. ದಾರಿ ಪಕ್ಕದ ಡಬ್ಬಿ ಬಂದವರನ್ನ ಮಾತ್ರ ಎಣಿಸುತ್ತೆ. ಹಾಗಾಗಿ ಏರಿದ ಅಂಕಿ ನೋಡಿ ಖುಷಿ ಪಡೋವಾಗ, ಒಂದು ಮರ ಕೂಡ ಕಾಣದೆ ಆ ತಿಂಗಳುಗಳನ್ನ ಕಳೆದವರು ಆ ಅಂಕಿಯೊಳಗೆ ಎಲ್ಲೂ ಇಲ್ಲ ಅನ್ನೋದು ನನಗೆ ಮರೆಯೋಕಾಗಲ್ಲ. ಊರಿನ ಅಂಚಿನ ನಾಲ್ಕು ಎಕರೆ ಮರಗಳನ್ನ ಕಡಿದು ಲೇಔಟ್ ಮಾಡಿ, ಅದರ ಬದಲಿಗೆ ದೂರದಲ್ಲೆಲ್ಲೋ ನಲವತ್ತು ಎಕರೆ ಸಸಿ ನೆಡ್ತೀವಿ ಅಂತ ಯಾರಾದ್ರೂ ಹೇಳಿದ್ರೆ, ಇಂಗಾಲದ ಲೆಕ್ಕದಲ್ಲಿ ಅದು ಸರಿಹೋಗಬಹುದೇನೋ, ಆದ್ರೆ ಆ ಅಂಚಲ್ಲಿ ದಿನಾ ಹದಿನೆಂಟು ನಿಮಿಷ ನಡೀತಿದ್ದವರ ಲೆಕ್ಕದಲ್ಲಿ ಅದು ಪೂರ್ತಿ ನಷ್ಟ.

ಆಮೇಲೇನಾಯ್ತು? ಎಲ್ಲ ಮೊದಲಿನಂತಾಗ್ಲಿಲ್ಲ. 2021ರಲ್ಲಿ ಗ್ರೇಟ್ ಸ್ಮೋಕಿ 1 ಕೋಟಿ 41 ಲಕ್ಷ ಮುಟ್ತು, ಅಮೆರಿಕದ್ದೇ ಇನ್ನೊಂದು ಉದ್ಯಾನ ಯೆಲ್ಲೋಸ್ಟೋನ್ ಸುಮಾರು 48 ಲಕ್ಷ 60 ಸಾವಿರ, ಎರಡೂ ಅಲ್ಲಿವರೆಗಿನ ದಾಖಲೆ. ಕೆಲವು ಕಡೆ ಹೊತ್ತು ನಿಗದಿ ಮಾಡಿ ಟಿಕೆಟ್ ಕೊಡೋ ಪದ್ಧತಿ ಬಂತು. ನನಗೆ ಇದರ ಬಗ್ಗೆ ಎರಡು ಮನಸ್ಸಿದೆ. ಮಣ್ಣಿಗೆ ಅದು ಒಳ್ಳೇದು, ಕಾಡಿಗೂ ಉಸಿರು. ಆದ್ರೆ ವಾರಗಟ್ಲೆ ಮುಂಚೆ ಆನ್‌ಲೈನ್‌ನಲ್ಲಿ ಬುಕ್ ಮಾಡೋಕೆ ಗೊತ್ತಿರೋರು, ರಜೆ ಮೊದಲೇ ನಿಗದಿ ಆಗಿರೋರು ಒಳಗೆ ಹೋಗ್ತಾರೆ, ಇವತ್ತು ಸಂಜೆ ಮನಸ್ಸು ಭಾರ ಆಯ್ತು ಅಂತ ಹೊರಟೋರು ಗೇಟಲ್ಲಿ ನಿಲ್ತಾರೆ.

ಮಾತು ಮುಗಿದ್ಮೇಲೆ ಒಬ್ಬರು ಕೇಳಿದ್ರು, ಆಗ ಹೊಸದಾಗಿ ಬಂದವರು ಈಗಲೂ ಬರ್ತಾರಾ ಅಂತ. ನಾನು ಕಂಡ ಮಟ್ಟಿಗೆ ಹೇಳ್ತೀನಿ, ಮಕ್ಕಳ ಜೊತೆ ಬಂದವರು ಉಳ್ಕೊಂಡಿದಾರೆ. ಮಗುಗೆ ಒಂದು ಮರ ಗುರುತಾದ್ರೆ, ಅದರ ಪೊಟರೆಯಲ್ಲಿ ಏನೋ ಇದೆ ಅಂತ ಗೊತ್ತಾದ್ರೆ, ಅದು ಅಪ್ಪ ಅಮ್ಮನ್ನ ಎಳ್ಕೊಂಡೇ ಬರುತ್ತೆ. ಜಿಮ್ ಮುಚ್ಚಿದೆ ಅಂತ ಓಡೋಕೆ ಬಂದವರಲ್ಲಿ ಬಹಳ ಜನ ಜಿಮ್ ತೆರೆದ ವಾರನೇ ಹೋದ್ರು.

ಇನ್ನೊಬ್ಬರು, ಹಿಂದಿನ ಸಾಲಲ್ಲಿ ಕೂತಿದ್ದ ಹುಡುಗಿ, ಆ ಬೇರು ಏನಾಯ್ತು ಅಂತ ಕೇಳಿದ್ಲು. ತುಳಿತದ ಬಗ್ಗೆ ಕೆಲಸ ಮಾಡಿದವರಿಗೆಲ್ಲ ಗೊತ್ತಿರೋ ಒಂದು ವಿಷಯ ಇದೆ, ಹಾನಿಯ ಬಹುಪಾಲು ಆಗೋದು ಮೊದಮೊದಲ ಹೆಜ್ಜೆಗಳಲ್ಲೇ. ಈಗಾಗಲೇ ಸವೆದ ದಾರೀಲಿ ಇನ್ನೂ ಸಾವಿರ ಜನ ನಡೆದ್ರೂ ಅಷ್ಟೇನೂ ಹೆಚ್ಚಾಗಲ್ಲ, ಯಾರೂ ತುಳಿಯದ ಪಕ್ಕದ ಮಣ್ಣಲ್ಲಿ ಮೊದಲ ಕೆಲವರು ನಡೆದ್ರೆ ಸಾಕು, ಸಸಿ ಹೋಯ್ತು. ಗಟ್ಟಿಯಾದ ಮಣ್ಣು ಮತ್ತೆ ಸಡಿಲ ಆಗೋಕೆ ವರ್ಷಗಳೇ ಬೇಕು, ಎರೆಹುಳ ವಾಪಸ್ ಬರ್ಬೇಕು, ತರಗೆಲೆ ಬಿದ್ದು ಅಲ್ಲೇ ಕೊಳೀಬೇಕು. ನಾನು ನಡೀತಿದ್ದ ದಾರೀಲಿ ಆ ಜಾಗದ ಎರಡೂ ಪಕ್ಕ ಹಗ್ಗ ಕಟ್ಟಿದ್ರು, ಬಿದ್ದ ಕೊಂಬೆಗಳನ್ನ ಅಡ್ಡ ಹಾಕಿದ್ರು. ಈಗ ಬೇರಿನ ಮೇಲೆ ಸಿಪ್ಪೆ ಸುತ್ತಲಿಂದ ಉಬ್ಬಿ ಬಂದು ಆ ಬಿಳಿ ಗಾಯನ ಅರ್ಧ ಮುಚ್ಚಿದೆ. ಆ ಹುಡುಗಿಗೆ ಒಂದೇ ಒಂದು ಕೆಲಸ ಹೇಳಿದೆ, ಮಳೆ ಬಂದ ದಿನ ದಾರಿ ಮಧ್ಯ ಕೆಸರಿದ್ರೆ ಪಕ್ಕಕ್ಕೆ ಇಳೀಬೇಡಮ್ಮ, ಕೆಸರಲ್ಲೇ ನಡಿ, ಶೂ ಮನೇಲಿ ತೊಳ್ಕೋಬಹುದು.